ಮುಖ ತೆಗೆಸುವುದಿಲ್ಲ

ಬಾಳೂರು,
ಫೆಬ್ರುವರಿ ೯, ೨೦೨೫, ಭಾನುವಾರ

ರೂಪಾಳ ಅಪ್ಪನಿಗೆ ಯಶೋದಾಳ ನಮಸ್ಕಾರ.

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಹಿಂದೆ ಫೋನಿನಲ್ಲಿ ಮಾತಾಡುವಾಗ ನೀವು ಏಳುವಾಗೊಮ್ಮೆ, ಕೂರುವಾಗೊಮ್ಮೆ ಉಸ್ಸೆಂದಿದ್ದು ಇಲ್ಲಿಗೂ ಕೇಳಿಸಿತ್ತು. ಓಡಿಸುವ ಟ್ಯಾಂಕರಿನ ಸೀಟಿಗೆ ಒಂದು ದಿಂಬು ಹಾಕಿಕೊಳ್ಳಿ ಎಂದರೆ ಅಲ್ಲಿಯವರು ನಗುತ್ತಾರೆ ಅನ್ನುತ್ತೀರಿ. ನಕ್ಕರೆ ನಗಲಿ, ಬೆನ್ನು ಅವರದಲ್ಲವಲ್ಲ. ಇಲ್ಲಿ ಎಲ್ಲರೂ ಆರಾಮ. ಅತ್ತೆಯ ಕೆಮ್ಮು ಪೂರ್ತಿ ನಿಂತಿದೆ. ರೂಪಾ ಎತ್ತರವಾಗಿದ್ದಾಳೆ, ಯೂನಿಫಾರ್ಮಿನ ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟೆ. ರೊಬಸ್ಟಾ ಕಾಫಿ ಕೊಯ್ಲು ಜೋರಾಗಿ ನಡೆಯುತ್ತಿದೆ, ಆದ್ದರಿಂದ ಜೀಪಿಗೆ ಬಿಡುವಿಲ್ಲ, ನನಗೂ ಇಲ್ಲ. ಇವತ್ತು ಭಾನುವಾರವಾದ್ದರಿಂದ ಕೂತು ಬರೆಯುತ್ತಿದ್ದೇನೆ. ಪಕ್ಕದ ಮನೆ ಕೃಷ್ಣಮ್ಮನ ಅಳಿಯ ನಾಳೆ ಮಸ್ಕತ್ತಿಗೆ ವಾಪಸು ಹೊರಡುತ್ತಾನೆ. ಕಾಗದವನ್ನು ನಿಮ್ಮ ಕೈಯಲ್ಲೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾನೆ.

ನಾನು ಕಾಗದ ಬರೆದಿದ್ದು ನೋಡಿ ನಿಮಗೆ ಆಶ್ಚರ್ಯವಾಗಬಹುದು. ಏನು ಮಾಡಲಿ, ಫೋನು ಮಾಡಿದರೆ ನೀವು ತೆಗೆಯುತ್ತಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಓದಿದ ನೀಲಿ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಮಾತನ್ನು ರೆಕಾರ್ಡ್ ಮಾಡಿ ಕಳಿಸೋಣವೆಂದರೆ ನಿಮ್ಮ ರೂಮಿನವರೆಲ್ಲ ಕೇಳಿಸಿಕೊಳ್ಳುತ್ತಾರೆ. ನನ್ನ ದನಿಯನ್ನು ಅವರು ಈಗಾಗಲೇ ಬೇಕಾದಷ್ಟು ಕೇಳಿದ್ದಾರೆ. ನೀವು ಕೊನೆಯ ಸಲ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. “ಆ ಗೇಮಿಂದ ನಿನ್ನ ಮುಖ ತೆಗೆಸು. ನಂಗೆ ಇಲ್ಲಿ ತಲೆ ಎತ್ತಕ್ಕಾಗ್ತಿಲ್ಲ.” ನಾನು ಬಾಯಿ ತೆರೆಯುವುದರೊಳಗೆ ಫೋನು ಇಟ್ಟುಬಿಟ್ಟಿರಿ. ಹಾಗಾಗಿ ಆ ದಿನ ಹೇಳಬೇಕಿದ್ದದ್ದನ್ನು ಈಗ ಹೇಳುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡುವುದಕ್ಕೆ ಬರುವುದಿಲ್ಲ, ಮಡಚಿಡಬಹುದು ಅಷ್ಟೆ. ಮಡಚಬೇಡಿ, ಪೂರ್ತಿ ಓದಿ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನೀವು ನೋಡಿದ್ದು ಯಾರೋ ಕತ್ತರಿಸಿ ಹಾಕಿದ ತುಣುಕು ಮಾತ್ರ. ಜೀಪು ಓಡಿಸುವುದನ್ನು ನನಗೆ ಕಲಿಸಿದವರು ನೀವೇ. ರಜೆಗೆ ಬಂದಿದ್ದಾಗ, ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿ ಬಿದ್ದಿತ್ತು. ಅಲ್ಲಿ ನಾನು ಕ್ಲಚ್ ಬಿಟ್ಟ ಕೂಡಲೇ ಜೀಪು ನೆಗೆದು ನಿಮ್ಮ ಹಣೆ ಕಂಬಿಗೆ ಬಡಿದಿತ್ತು, ಆದರೂ ನೀವು ಬೈಯಲಿಲ್ಲ. ನೀವು ಹೋದ ಮೇಲೆ ಲೈಸೆನ್ಸ್ ಮಾಡಿಸಿ, ಟಾರ್ಪಾಲು ಹೊದ್ದು ಕೂತಿದ್ದ ಜೀಪನ್ನು ಹೊರಗೆ ತೆಗೆದೆ. ಸುತ್ತಲಿನ ಕೂಲಿಯವರ ಲೈನ್ ಮನೆಗಳಿಂದ ಕಾಫಿ ಹಣ್ಣು ಕೊಯ್ಯುವ ಹೆಂಗಸರನ್ನು ಬೆಳಿಗ್ಗೆ ಎಸ್ಟೇಟಿಗೆ ಬಿಡುತ್ತೇನೆ, ಸಂಜೆ ಮನೆಗೆ ತಂದು ಬಿಡುತ್ತೇನೆ. ನಡುವೆ ಯಾರಾದರೂ ಕೊಟ್ಟಿಗೆಹಾರಕ್ಕೋ ಕಳಸಕ್ಕೋ ಕರೆದರೆ ಹೋಗುತ್ತೇನೆ. ಇದೆಲ್ಲ ನಿಮಗೆ ಗೊತ್ತಿರುವುದೇ. ನೀವು ಅದಕ್ಕೆ ಯಾವತ್ತೂ ಬೇಡವೆಂದವರಲ್ಲ, ಅದನ್ನು ನಾನು ಎಲ್ಲರ ಹತ್ತಿರವೂ ಹೇಳಿಕೊಂಡಿದ್ದೇನೆ.

ಅರ್ಚನಾ ಸಿಕ್ಕಿದ್ದು ಹೀಗೆ ಒಂದು ದಿನ ಕೊಟ್ಟಿಗೆಹಾರದಲ್ಲಿ. ಅವರು ಜಾವಳಿಯ ಕೃಷ್ಣಪ್ಪನವರ ಮಗಳು. ಕೃಷ್ಣಪ್ಪನವರದು ಸಣ್ಣ ಕಾಫಿ ತೋಟ, ದೊಡ್ಡ ಪ್ಲಾಂಟರ್ ಏನಲ್ಲ. ಅರ್ಚನಾ ಚಿಕ್ಕಮಗಳೂರಿನಲ್ಲಿ ಒಂದು ಅಂಗಡಿಯ ಮೇಲಿನ ರೂಮಿನಲ್ಲಿ ಇಬ್ಬರು ಸ್ನೇಹಿತರ ಜೊತೆ ಸೇರಿ ಫೋನಿನಲ್ಲಿ ಆಡುವ ಗೇಮ್ ಮಾಡುತ್ತಾರೆ. ಆ ದಿನ ಊರಿಗೆ ಹೋಗುವ ಬಸ್ಸು ತಪ್ಪಿ ನನ್ನ ಜೀಪು ಹತ್ತಿದರು, ಮುಂದಿನ ಸೀಟಿನಲ್ಲಿ ಕೂತರು, ದಾರಿಯುದ್ದಕ್ಕೂ ರಸ್ತೆ ನೋಡುವುದು ಬಿಟ್ಟು ನನ್ನನ್ನೇ ನೋಡಿದರು. ಇಳಿಯುವಾಗ ಕೇಳಿದರು, ಯಶೋದಕ್ಕಾ, ನಾವೊಂದು ಜೀಪಿನ ಗೇಮ್ ಮಾಡ್ತಿದೀವಿ, ಅದಕ್ಕೆ ಒಬ್ಬ ಮೀಸೆ ಡ್ರೈವರನ್ನ ಬರೆದಿಟ್ಟಿದ್ದೆ, ಈಗ ಅವನು ಬೇಡ ಅನ್ನಿಸ್ತಿದೆ, ನೀವು ಬರ್ತೀರಾ ಎಂದು. ತಮಾಷೆಯೆಂದುಕೊಂಡೆ. ಮರುವಾರ ಅವರು ಕ್ಯಾಮೆರಾ, ಮೈಕು ಹಿಡಿದು ಮನೆಗೇ ಬಂದರು. ಆ ರಾತ್ರಿ ನಿಮಗೆ ಫೋನು ಮಾಡಿ ಹೇಳಿದಾಗ ನೀವು ಎಷ್ಟು ನಕ್ಕಿರಿ. ಫೇಮಸ್ ಆದ ಮೇಲೆ ನಮ್ಮ ಗುರ್ತು ಇರುತ್ತಾ ಮಾರಾಯ್ತಿ ಎಂದಿರಿ. ಅದನ್ನು ನೀವು ಮರೆತಿರಬಹುದು, ನಾನು ಮರೆತಿಲ್ಲ.

ಗೇಮಿನ ಹೆಸರು ‘ಘಾಟಿ ಜೀಪು’. ಅದರಲ್ಲಿ ನಾನು ಇರುವುದು ದಿನಾ ಇರುವ ಹಾಗೆಯೇ. ಸೀರೆಯ ಮೇಲೆ ನಿಮ್ಮ ಹಳೆಯ ನೀಲಿ ಗೆರೆಯ ಶರ್ಟು, ತಲೆಗೆ ಟವೆಲು. ನನ್ನ ಬಣ್ಣ ನನ್ನದೇ, ನನ್ನ ಮೈ ನನ್ನದೇ. ನಾನು ಆಡುವ ಮಾತುಗಳನ್ನೂ ಹಾಗೆಯೇ ತೆಗೆದುಕೊಂಡಿದ್ದಾರೆ. “ಹಿಡ್ಕಳ್ರಮ್ಮ, ತಿರುವು ಬಂತು,” “ಅಯ್ಯ, ಈ ಲಾರಿಯವನಿಗೆ ರಸ್ತೆ ಬರ್ಕೊಟ್ಟಿದಾರಾ,” ಇಂಥವೇ. ಅತ್ತೆಗೆ ಅದನ್ನು ಆಡುವ ಹುಚ್ಚು ಹತ್ತಿಬಿಟ್ಟಿದೆ. ಪ್ರತಿ ಸಲವೂ ಒಂದೇ ತಿರುವಿನಲ್ಲಿ ಕೆಳಗೆ ಬೀಳುತ್ತಾರೆ, ಬಿದ್ದ ಮೇಲೆ ಫೋನಿನೊಳಗಿನ ನನಗೆ, ನಿಧಾನ ಹೋಗದು ಯಾವಾಗ ಕಲೀತೀಯ ಎಂದು ಬೈಯುತ್ತಾರೆ. ಪಕ್ಕದಲ್ಲಿ ಬೀನ್ಸ್ ಸೋಸುತ್ತ ಕೂತ ನಾನೇ ಬೈಸಿಕೊಳ್ಳಬೇಕು.

ದೀಪಾವಳಿಯ ಹೊತ್ತಿಗೆ ಆಡಿ ನೋಡಲಿ ಎಂದು ಸ್ವಲ್ಪ ಭಾಗವನ್ನು ಮಾತ್ರ ಹೊರಗೆ ಬಿಟ್ಟರು. ಚೆನ್ನಾಗಿಯೇ ಹೋಗುತ್ತಿತ್ತು. ಆಮೇಲೆ ಹಾಸನದ ಕಡೆಯ ಒಬ್ಬ ಹುಡುಗ, ಗೇಮ್ ಆಡಿ ತೋರಿಸುವ ಚಾನೆಲ್ ಇಟ್ಟುಕೊಂಡವನು, ಅದನ್ನು ಆಡಿದ. ಅವನು ಹೇಳಿದ್ದು ನೀವೂ ಕೇಳಿದ್ದೀರಿ. ಜೀಪ್ ಗೇಮ್ ಅಂದ್ರೆ ಡ್ರೈವರ್ ಬೇಕು, ಇವರು ಕೂಲಿ ಆಂಟಿನ ತಂದು ಕೂರಿಸಿದಾರೆ, ಈಗೆಲ್ಲ ಹಿಂಗೇ, ಹೆಂಗಸರಿಗೊಂದು ಸೀಟು, ಬಡವರಿಗೊಂದು ಸೀಟು, ಕಪ್ಪಗಿದ್ದೋರಿಗೊಂದು ಸೀಟು, ಇವರೊಬ್ಬರಲ್ಲೇ ಮೂರೂ ಸೀಟು ಮುಗಿಸಿದಾರೆ ಎಂದ. ಅದರ ಕೆಳಗೆ ಜನ ಬರೆದದ್ದನ್ನು ಕಾಗದದ ಮೇಲೆ ಬರೆಯಲು ನನಗೆ ಮನಸ್ಸಿಲ್ಲ. ಘಾಟಿಯಲ್ಲಿ ಹೆಂಗಸು ಜೀಪು ಓಡಿಸುವುದನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದವರಿದ್ದರು. ಜೀಪಿಗಿಂತ ಡ್ರೈವರ್ ಭಾರ ಎಂದವರಿದ್ದರು. ಎಸ್ಟೇಟಿನ ಗೇಟಿನ ಹತ್ತಿರ ಹೆಂಗಸರಿಗಾಗಿ ಕಾಯುತ್ತ, ಸ್ಟೀರಿಂಗ್ ಮೇಲೆ ಫೋನಿಟ್ಟುಕೊಂಡು ಅಷ್ಟನ್ನೂ ಓದಿದೆ. ಅಳಲಿಲ್ಲ. ಹೆಂಗಸರು ಬಂದರು, ಹತ್ತಿಸಿಕೊಂಡು ಬಂದೆ.

ಆಮೇಲೆ ಕೊಟ್ಟಿಗೆಹಾರದ ಜೀಪ್ ಸ್ಟ್ಯಾಂಡಿನಲ್ಲಿ ಶುರುವಾಯಿತು. ಮಂಜಯ್ಯ ನಿಮಗೆ ಗೊತ್ತಲ್ಲ, ನಿಮ್ಮ ಜೊತೆಯಲ್ಲೇ ಜೀಪು ಓಡಿಸುತ್ತಿದ್ದವರು. ನನ್ನ “ಹಿಡ್ಕಳ್ರಮ್ಮ” ಅನ್ನುವುದನ್ನೇ ಫೋನಿನ ರಿಂಗ್‌ಟೋನ್ ಮಾಡಿಕೊಂಡು, ನಾನು ಹೋದಾಗಲೆಲ್ಲ ಯಾರಿಂದಲಾದರೂ ಕಾಲ್ ಮಾಡಿಸಿ ಬಾರಿಸುತ್ತಿದ್ದರು. ಅದನ್ನು ನಾನು ಸಹಿಸಿಕೊಂಡೆ. ಸಹಿಸಲಾಗದ್ದು ರೂಪಾಳದ್ದು. ಒಂದು ಸಂಜೆ ಅವಳು ಸ್ಕೂಲಿನಿಂದ ಬ್ಯಾಗಿನ ಪಟ್ಟಿ ಕಿತ್ತುಕೊಂಡು ಬಂದಳು. ಯಾರೋ ಕೂಲಿ ಆಂಟಿಯ ಮಗಳು ಎಂದಿದ್ದಾರೆ, ಇವಳು ತಳ್ಳಿದ್ದಾಳೆ, ಅವರೂ ತಳ್ಳಿದ್ದಾರೆ. ನಾನು ಪಟ್ಟಿ ಹೊಲಿಯುತ್ತ ಕೂತಿದ್ದಾಗ ಹಿಂದೆ ಬಂದು ನಿಂತು ಸಣ್ಣ ದನಿಯಲ್ಲಿ, “ಅಮ್ಮಾ, ಅರ್ಚನಕ್ಕಂಗೆ ಹೇಳಿ ನಿನ್ನ ಬೆಳ್ಳಗೆ ಮಾಡ್ಸು,” ಎಂದಳು. ನೀವು ಮುಖ ತೆಗೆಸು ಎಂದಿದ್ದು ಅದರ ಮಾರನೆಯ ದಿನ. ಅಪ್ಪ ಮಗಳು ಇಬ್ಬರೂ ಬೇರೆ ಬೇರೆ ಕಡೆಯಿಂದ ಒಂದೇ ಜಾಗಕ್ಕೆ ಹೊಡೆದಿರಿ.

ಅದೇ ವಾರ ಅರ್ಚನಾ ಮನೆಗೆ ಬಂದರು. ಗೇಮನ್ನು ದೊಡ್ಡದಾಗಿ ಹೊರತರಲು ಹೈದರಾಬಾದಿನ ಒಂದು ಕಂಪನಿ ಒಪ್ಪಿಕೊಂಡಿತ್ತು. ಆ ಕಂಪನಿಯವರಿಗೆ ಈ ಗಲಾಟೆಯಿಂದ ಹೆದರಿಕೆಯಾಗಿ, ಮೊದಲ ಡ್ರೈವರ್ ಗಂಡಸಾಗಲಿ, ಹೆಂಗಸು ಬೇಕಾದವರು ಆಮೇಲೆ ಆರಿಸಿಕೊಳ್ಳಲಿ, ಅವಳನ್ನೂ ಸ್ವಲ್ಪ ನೋಡುವ ಹಾಗೆ ಮಾಡಿ ಎಂದಿದ್ದರಂತೆ. ಅರ್ಚನಾ ಲ್ಯಾಪ್‌ಟಾಪ್ ತೆರೆದು ತೋರಿಸಿದರು. ಬೆಳ್ಳಗೆ, ತೆಳ್ಳಗೆ, ಕೂದಲು ಹಾರಿಸಿಕೊಂಡು ಜೀನ್ಸ್ ಹಾಕಿಕೊಂಡ ಒಬ್ಬ ಹುಡುಗಿ ನಮ್ಮ ಜೀಪಿನಲ್ಲಿ ಕೂತಿದ್ದಳು. ಯಾರಿವಳು ಎಂದು ಕೇಳಿದೆ. ಅರ್ಚನಾ ನನ್ನ ಮುಖ ನೋಡದೆ, ನೀವೇ ಅಕ್ಕಾ, ಸ್ವಲ್ಪ ಬದಲಾಯಿಸಿದ್ದು ಎಂದರು. ಒಂದು ಬಟನ್ ಒತ್ತಿದರು, ಆ ಹುಡುಗಿ ನನ್ನ ದನಿಯಲ್ಲಿ “ಹಿಡ್ಕಳ್ರಮ್ಮ” ಎಂದಳು. ಕಮೆಂಟ್ ಓದುವಾಗ ಬಾರದ ಅಳು ಆಗ ಬಂತು. ಅವರೆದುರು ಅಳಬಾರದೆಂದು ಒಳಗೆ ಹೋಗಿ ನೀರು ಕುಡಿದು ಬಂದೆ. ಮೊದಲೆಲ್ಲ ಅವರನ್ನು ಅರ್ಚನಮ್ಮ ಅನ್ನುತ್ತಿದ್ದೆ, ಅವರೇ ಬೇಡವೆಂದರು, ಆದರೂ ‘ನೀವು’ ಮಾತ್ರ ನಾಲಿಗೆಯಿಂದ ಬಿಟ್ಟಿಲ್ಲ. ಆ ದಿನವೂ ಬಿಡಲಿಲ್ಲ. “ಇವಳೇ ಓಡ್ಸೋದಾದ್ರೆ ಓಡ್ಸಲಿ, ನಂಗೇನು ಹೊಟ್ಟೆಕಿಚ್ಚಿಲ್ಲ. ನನ್ನ ದನಿ ಮಾತ್ರ ನಂಗೆ ವಾಪಸ್ ಕೊಡಿ. ಆ ಮಾತಾಡಕ್ಕೆ ನನ್ನ ಮುಖನೇ ಇರ್ಬೇಕು,” ಎಂದೆ.

ಅರ್ಚನಾ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ಅವರಿಗೊಂದು ಯೋಚನೆ ಬಂತು. ನೀವು ನಿಜವಾಗಿ ಓಡಿಸುವುದನ್ನು ವಿಡಿಯೋ ಮಾಡೋಣ, ತಿರುವಿನಲ್ಲಿ ಹೇಗೆ ತಿರುಗಿಸುತ್ತೀರೆಂದು ತೋರಿಸೋಣ, ಎಲ್ಲರ ಬಾಯಿ ಮುಚ್ಚುತ್ತದೆ ಎಂದರು. ನಾನು ಆಗುವುದಿಲ್ಲ ಎಂದೆ. ಅವರಿಗೆ ಆಶ್ಚರ್ಯ. ನಾನೇನೋ ಸಂಕೋಚಪಡುತ್ತಿದ್ದೇನೆಂದು ತಿಳಿದುಕೊಂಡರು. ಸಂಕೋಚ ಅಲ್ಲ ರೀ. ಮೀಸೆ ಡ್ರೈವರನ್ನು ಕೂರಿಸಿದ್ದರೆ ಅವನಿಗೆ ಓಡಿಸಲು ಬರುತ್ತದೆಯೇ ಎಂದು ಯಾರಾದರೂ ಕೇಳುತ್ತಿದ್ದರೇ? ಅರ್ಚನಾಗೆ ಅದನ್ನೇ ಹೇಳಿದೆ. “ಸರ್ಕಾರ ನಂಗೆ ಲೈಸೆನ್ಸ್ ಕೊಟ್ಟಾಗದೆ. ಇನ್ನೊಂದ್ಸಲ ಓಡ್ಸಿ ತೋರ್ಸಕ್ಕೆ ಆ ಹುಡುಗರೇನು ಆರ್‌ಟಿಓ ಆಫೀಸಿನವ್ರಾ?” ಅರ್ಚನಾ ಅದಕ್ಕೆ ಜೋರಾಗಿ ನಕ್ಕರು. ಆಮೇಲೆ ಕಂಪನಿಯವರು ಗೇಮಿನ ಪೇಜಿನಲ್ಲಿ ಹಾಕಲು ಹೇಳಿದ್ದ ಕ್ಷಮಾಪಣೆಯನ್ನು ಅಳಿಸಿ ನನ್ನ ಹತ್ತಿರವೇ ಹೇಳಿಸಿ ಬರೆದುಕೊಂಡರು. ನಾನು ಹೇಳಿದ್ದು ಇಷ್ಟೇ: ‘ಘಾಟಿ ಜೀಪಿನ ಡ್ರೈವರ್ ಯಶೋದಾ, ಬಾಳೂರಿನವರು. ಬದಲಾಯಿಸುವುದಿಲ್ಲ. ಇಷ್ಟವಿಲ್ಲದವರು ಬೇರೆ ಜೀಪು ಹತ್ತಬಹುದು.’

ಅದನ್ನು ಹಾಕಿದ ಮೇಲೆ ಬೈಗುಳ ಇನ್ನೂ ಹೆಚ್ಚಾಯಿತು. ಒಳ್ಳೆಯದಾಗಿ ಬರೆದವರೂ ಇದ್ದರು. ಶೃಂಗೇರಿ ಕಡೆಯ ಒಬ್ಬಾಕೆ ತಾನು ಹಾಲಿನ ವ್ಯಾನು ಓಡಿಸುತ್ತೇನೆ ಎಂದು ಬರೆದಿದ್ದಳು, ಅದನ್ನು ಓದಿ ಖುಷಿಯಾಯಿತು. ಕಂಪನಿಯವರು ಮಾತ್ರ ನಮ್ಮ ಸಹವಾಸ ಬೇಡವೆಂದು ಕೈಬಿಟ್ಟರು. ಅರ್ಚನಾಗೆ ಅದು ದೊಡ್ಡ ಪೆಟ್ಟು. ಹಳ್ಳಿಯ ಗೇಮಿಗೆ ಯಾರು ಕೈಹಾಕುತ್ತಾರೆಂದು ಎಷ್ಟೋ ಬಾಗಿಲು ತಟ್ಟಿ ಸಿಕ್ಕಿದ್ದ ಕಂಪನಿ ಅದು. ಕೃಷ್ಣಪ್ಪನವರೂ ಮಗಳ ಮೇಲೆ ಸಿಟ್ಟಾದರಂತೆ, ಒಂದು ಮುಖಕ್ಕೋಸ್ಕರ ಬದುಕು ಕೆಡಿಸ್ಕೋತೀಯ ಎಂದರಂತೆ. ಅರ್ಚನಾ ಆ ಮಾತನ್ನು ನನಗೆ ಹೇಳಿದ್ದು ತುಂಬ ದಿನ ಕಳೆದ ಮೇಲೆ. ನನ್ನ ಮೇಲೆ ಭಾರ ಹಾಕಬಾರದೆಂದು ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದರು.

ಇಲ್ಲಿಗೆ ಮುಗಿದಿದ್ದರೆ ನಾನು ದೊಡ್ಡ ಧೈರ್ಯಸ್ಥೆ ಎಂದು ಬರೆದು ಮುಗಿಸಬಹುದಿತ್ತು. ಇನ್ನೊಂದು ಕಡೆಯಿಂದ ಮೋನಿಕಾ ಬಂದಳು. ಲೈನ್ ಮನೆಯ ಮರಿಯಮ್ಮನ ಮಗಳು, ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಾಳೆ. ಮರಿಯಮ್ಮ ದಿನಾ ನನ್ನ ಜೀಪಿನಲ್ಲೇ ಕೆಲಸಕ್ಕೆ ಹೋಗುವವಳು. ಈ ಮೋನಿಕಾ ಗೇಮಿನ ಬಗ್ಗೆ ಉದ್ದಕ್ಕೆ ಬರೆದು ಹಾಕಿದ್ದಳು. ಹಾಸನದ ಹುಡುಗ ಹೇಳಿದ್ದೆಲ್ಲ ಕಸ, ಆದರೆ ಅವನಿಗೆ ಉತ್ತರ ಕೊಟ್ಟ ಮಾತ್ರಕ್ಕೆ ನೀವು ಸರಿ ಎಂದಾಗುವುದಿಲ್ಲ ಎಂದು ಶುರು ಮಾಡಿದ್ದಳು. ಯಶೋದಕ್ಕನಿಗೆ ಮುಖವಿದೆ, ಹೆಸರಿದೆ, ಸರಿ. ಜೀಪಿನ ಹಿಂದೆ ಕೂತ ಹೆಂಗಸರನ್ನು ನೋಡಿ. ಎಲ್ಲರಿಗೂ ಒಂದೇ ಮುಖ, ಸೀರೆಯ ಬಣ್ಣ ಮಾತ್ರ ಬೇರೆ. ಯಾರಿಗೂ ಹೆಸರಿಲ್ಲ, ಮಾತಿಲ್ಲ. ಅವರು ಹತ್ತಿದರೆ ಮೇಲ್ಗಡೆ ‘ಲೋಡ್’ ಎಂದು ಬರುತ್ತದೆ. ನನ್ನ ಅಮ್ಮ ಲೋಡ್ ಅಲ್ಲ ಎಂದು ಬರೆದಿದ್ದಳು.

ಅರ್ಚನಾ ಅದನ್ನು ಓದಿ ಉರಿದುಬಿದ್ದರು. ಒಬ್ಬಳನ್ನ ಕೂರಿಸಿದ್ದಕ್ಕೆ ಆ ಕಡೆಯವರು ಹೊಡೀತಾರೆ, ಎಲ್ಲರನ್ನೂ ಕೂರಿಸಿಲ್ಲ ಅಂತ ಈ ಕಡೆಯವರು ಹೊಡೀತಾರೆ, ನಾನು ಯಾರಿಗೆ ಅಂತ ಉತ್ತರ ಕೊಡಲಿ ಎಂದು ಫೋನಿನಲ್ಲಿ ಕೂಗಾಡಿದರು. ಆ ಹುಡುಗಿ ನಿಮಗೆ ಗೊತ್ತಲ್ಲ, ಸ್ವಲ್ಪ ಬುದ್ಧಿ ಹೇಳಿ ಎಂದು ನನಗೇ ಒಪ್ಪಿಸಿದರು. ನಾನೂ ಸಿಟ್ಟಿನಲ್ಲೇ ಇದ್ದೆ. ನಮ್ಮವರೇ ಹೀಗೆ ಮಾಡಿದರೆ ಹೇಗೆ ಎಂದುಕೊಂಡು, ಶನಿವಾರ ಮೋನಿಕಾ ಊರಿಗೆ ಬಂದಾಗ ಕೊಟ್ಟಿಗೆಹಾರದಿಂದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದೆ. ಬೈಯಲು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳಿಗೆ ಗೊತ್ತಾಯಿತೆಂದು ಕಾಣುತ್ತದೆ. ಏನೂ ವಾದ ಮಾಡದೆ, ಜೀಪು ನಿಲ್ಲಿಸಿದ ಮೇಲೆ ತನ್ನ ಫೋನಿನಲ್ಲಿ ಗೇಮ್ ತೆರೆದು ನನ್ನ ಕೈಗೆ ಕೊಟ್ಟಳು. “ಇದ್ರಲ್ಲಿ ನನ್ನಮ್ಮ ಎಲ್ಲಿದಾಳೆ ತೋರ್ಸಿ ಅಕ್ಕಾ,” ಎಂದಳು.

ನಾನು ಹುಡುಕಿದೆ. ನಿಜವಾಗಿ ಹುಡುಕಿದೆ. ಮರಿಯಮ್ಮ ಯಾವಾಗಲೂ ಕೂರುವುದು ಹಿಂಬಾಗಿಲ ಹತ್ತಿರ, ಎಲೆ ಅಡಿಕೆ ಉಗಿಯಲು ಅನುಕೂಲವೆಂದು. ಆ ಜಾಗದಲ್ಲಿ ಕೂತವಳಿಗೂ ಅವಳ ಪಕ್ಕದವಳಿಗೂ ಎದುರಿನವಳಿಗೂ ಒಂದೇ ಮೂಗು, ಒಂದೇ ಕಣ್ಣು. ಇಷ್ಟು ತಿಂಗಳು ಆ ಗೇಮನ್ನು ನೋಡುತ್ತಿದ್ದೇನೆ, ನನ್ನನ್ನು ಬಿಟ್ಟು ಬೇರೆಯವರ ಕಡೆಗೆ ನನ್ನ ಕಣ್ಣು ಹೋಗಿರಲಿಲ್ಲ. ಮೋನಿಕಾಗೆ ಬೈಯಲಿಲ್ಲ. ಮರಿಯಮ್ಮನನ್ನು ಕರೆದು, ಸೋಮವಾರ ಕೆಲಸಕ್ಕೆ ರಜೆ ಹಾಕು, ಚಿಕ್ಕಮಗಳೂರಿಗೆ ಹೋಗಿಬರೋಣ ಎಂದೆ. ಯಾಕೆ ಎಂದು ಕೇಳಿದಳು. ನಿನ್ನ ಮುಖ ಕೊಡಿಸಕ್ಕೆ ಎಂದೆ. ಇರೋದೇ ಸಾಕಾಗದೆ ಕಣೇ ಎಂದಳು, ಆದರೂ ಹೊಸ ಸೀರೆ ಉಟ್ಟು ಬಂದಳು.

ಅರ್ಚನಾ ಅವರ ರೂಮಿನಲ್ಲಿ ಮೋನಿಕಾಳೂ ಸೇರಿ ನಾವು ಮೂವರೂ ಹೋಗಿ ನಿಂತಾಗ ಅವರ ಮುಖ ಬಿಗಿದುಕೊಂಡಿತು. ಕುರ್ಚಿ ಕೊಟ್ಟರು, ಕಾಫಿ ತರಿಸಿದರು, ಆಮೇಲೆ ಒಂದೇ ಸಮನೆ ಹೇಳಿದರು. ಒಂದೊಂದು ಮುಖ ಬರೆಯಲು ಎಷ್ಟೋ ದಿನ ಹಿಡಿಯುತ್ತದೆ, ಕಂಪನಿ ಹೋಗಿದೆ, ಸ್ನೇಹಿತರಿಬ್ಬರೂ ಬೇರೆ ಕೆಲಸ ಹುಡುಕುತ್ತಿದ್ದಾರೆ, ಜೀಪು ಏರಿನಲ್ಲಿ ನಿಧಾನವಾಗಬೇಕಾದರೆ ಭಾರ ಲೆಕ್ಕಕ್ಕೆ ಬೇಕು, ಅದಕ್ಕೆ ಲೋಡ್ ಎಂದು ಬರೆದದ್ದು, ಅದರಲ್ಲಿ ಅವಮಾನ ಇಲ್ಲ. ಮೋನಿಕಾ ಏನೋ ಹೇಳಲು ಬಂದಳು, ನಾನು ತಡೆದೆ. “ಅರ್ಚನಾ, ಆ ಹುಡುಗನ ಮಾತಿಗೆ ಬಗ್ಬೇಡಿ ಅಂದಿದ್ದೂ ನಾನೇ. ಈ ಹುಡುಗಿ ಮಾತು ಕೇಳಿ ಅಂತಿರೋದೂ ನಾನೇ. ಅವನು ನನ್ನ ಇಳೀ ಅಂದ. ಇವಳು ಇವಳಮ್ಮನ್ನ ಹತ್ಸು ಅಂತಿದಾಳೆ. ಎರಡೂ ಒಂದೇ ಆಗುತ್ತಾ?” ಎಂದೆ. ಮರಿಯಮ್ಮ ಕಾಫಿ ಲೋಟ ಕೆಳಗಿಟ್ಟು, ನಮ್ಮನ್ನ ಹಾಕದಿದ್ರೆ ಬೇಡಮ್ಮ, ಯಶೋದಾ ಖಾಲಿ ಜೀಪ್ ಓಡಿಸ್ಲಿ ಬಿಡಿ ಎಂದಳು. ಅವಳು ಕುಹಕದಿಂದ ಹೇಳಿದ್ದಲ್ಲ, ಜಗಳ ಬೇಡವೆಂದು ಹೇಳಿದ್ದು. ನನಗೆ ಮಾತ್ರ ಅದು ತಾಗಿತು. ಖಾಲಿ ಜೀಪಿಗಾದರೆ ನಾನೂ ಬೇಡ, ನನ್ನ ಮುಖವನ್ನೂ ತೆಗೆದುಬಿಡಿ ಎಂದು ಎದ್ದು ನಿಂತೆ. ಹೌದು, ನೀವು ಹೇಳಿದ ಮಾತನ್ನು ಅವತ್ತು ನನ್ನ ಬಾಯಿಂದಲೇ ಆಡಿದೆ. ನಿಮ್ಮ ಕಾರಣಕ್ಕಲ್ಲ.

ಅರ್ಚನಾ ಕೂರಿ ಅಕ್ಕಾ ಎಂದರು. ಆಮೇಲೆ, ಗೇಮಿನಲ್ಲಿ ಚಾರ್ಮಾಡಿ, ಕುದುರೆಮುಖ, ಬಾಬಾಬುಡನ್‌ಗಿರಿ ಎಂದು ಎಷ್ಟೋ ರಸ್ತೆ ಹಾಕಬೇಕೆಂದಿತ್ತು, ಅಷ್ಟೂ ಬಿಟ್ಟುಬಿಡುತ್ತೇನೆ, ಕೊಟ್ಟಿಗೆಹಾರದಿಂದ ಬಾಳೂರಿನ ಮೇಲೆ ಕಳಸಕ್ಕೆ ಹೋಗುವ ಒಂದೇ ರಸ್ತೆ ಇಡುತ್ತೇನೆ, ಆ ಸಮಯದಲ್ಲಿ ಜನರನ್ನು ಬರೆಯುತ್ತೇನೆ ಎಂದರು. ಆ ರಸ್ತೆಗಳಿಗಾಗಿ ಅವರು ಸ್ಕೂಟರಿನಲ್ಲಿ ಎಷ್ಟು ಅಲೆದಿದ್ದರೆಂದು ನನಗೆ ಗೊತ್ತು. ಮೋನಿಕಾಳ ಕಡೆ ತಿರುಗಿ, ಇವರೆಲ್ಲ ಜೀಪಿನಲ್ಲಿ ಏನು ಮಾತಾಡ್ತಾರೆ ಅಂತ ನನಗೆ ಗೊತ್ತಿಲ್ಲ, ನೀನು ಬರೆದು ಕೊಡ್ತೀಯಾ ಎಂದು ಕೇಳಿದರು. ಮೋನಿಕಾ, ಬರೀತೀನಿ, ಆದ್ರೆ ನನ್ನ ಹೆಸರು ಹಾಕ್ಬೇಕು ಎಂದಳು. ಹುಡುಗಿ ಗಟ್ಟಿ ಇದ್ದಾಳೆ.

ಈಗ ನಮ್ಮ ಮನೆ ಜಗಲಿಯಲ್ಲಿ ಭಾನುವಾರ ಬಂತೆಂದರೆ ಜಾತ್ರೆ. ಮರಿಯಮ್ಮ ತನ್ನ ಚಿತ್ರ ನೋಡಿ ಮೂಗುಬಟ್ಟು ಎಡಕ್ಕಿದೆ, ಬಲಕ್ಕೆ ಹಾಕಿ ಎಂದು ಎರಡು ಸಲ ತಿದ್ದಿಸಿದಳು. ಬಾಯಲ್ಲಿ ಎಲೆ ಅಡಿಕೆ ಇರಲೇಬೇಕಂತೆ. ಮೂಟೆಗಳ ಜೊತೆ ಹಿಂದೆ ನಿಂತು ಬರುವ ಕೆಂಪಯ್ಯ ಮಾತ್ರ ತನ್ನನ್ನು ಬರೆಯುವುದು ಬೇಡವೆಂದರು, ಯಾಕೆಂದು ಹೇಳಲಿಲ್ಲ. ಬೇಡವೆಂದವರನ್ನು ಬರೆಯುವುದಿಲ್ಲ ಎಂದು ಅರ್ಚನಾ ಬಿಟ್ಟರು. ‘ಲೋಡ್’ ಹೋಯಿತು. ಈಗ ಯಾರು ಹತ್ತಿದರೂ ಅವರ ಹೆಸರು ಬರುತ್ತದೆ. ಸ್ಟ್ಯಾಂಡಿನ ಮಂಜಯ್ಯ ಒಂದು ದಿನ ನನ್ನ ಜೀಪಿನ ಹತ್ತಿರ ಬಂದು ಬಾನೆಟ್ ತಟ್ಟಿ, ಲೈನಿನವರನ್ನೆಲ್ಲ ಹಾಕಿದೀರಂತೆ, ಸ್ಟ್ಯಾಂಡಿನವರು ಮನುಷ್ಯರಲ್ವಾ ಎಂದರು. ರಿಂಗ್‌ಟೋನ್ ತೆಗೀರಿ, ಹೇಳ್ತೀನಿ ಎಂದೆ. ತೆಗೆದರು. ಈಗ ಗೇಮಿನಲ್ಲಿ ಕೊಟ್ಟಿಗೆಹಾರದ ಹತ್ತಿರ ಮಂಜಯ್ಯ ಇದ್ದಾರೆ, ಬಾನೆಟ್ ಎತ್ತಿಕೊಂಡು ಕೆಟ್ಟ ಜೀಪಿನ ಮುಂದೆ ನಿಂತಿದ್ದಾರೆ. ಹಾಗೆ ಬರೆಯಲು ಹೇಳಿದ್ದು ನಾನೇ.

ರೂಪಾ ಇದ್ಯಾವುದಕ್ಕೂ ಸೇರದೆ ಒಳಗೆ ಪುಸ್ತಕ ಹಿಡಿದು ಕೂರುತ್ತಿದ್ದಳು. ನಾನೂ ಕರೆಯಲಿಲ್ಲ. ಹೋದ ಭಾನುವಾರ ಅರ್ಚನಾ ನನ್ನ ಮುಖಕ್ಕೆ ಬೆಳಕು ಸರಿಮಾಡುತ್ತಿದ್ದಾಗ ಬಂದು ಅವರ ಹಿಂದೆ ನಿಂತಳು. ನೋಡಿ ನೋಡಿ, “ಅರ್ಚನಕ್ಕಾ, ಅಮ್ಮನ ಬಣ್ಣ ಇದಲ್ಲ. ಇನ್ನೂ ಕಪ್ಪು,” ಎಂದಳು. ಅರ್ಚನಾ ಬಣ್ಣ ಬದಲಾಯಿಸುತ್ತ ಹೋದರು, ಇವಳು ಇನ್ನೂ, ಇನ್ನೂ ಎನ್ನುತ್ತ ನಿಂತಳು. ನಾನು ಒಲೆಯ ಮೇಲಿನ ಅನ್ನ ನೋಡುವ ನೆಪ ಮಾಡಿಕೊಂಡು ಒಳಗೆ ಹೋದೆ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನಿಮ್ಮ ರೂಮಿನವರು ನಕ್ಕರು. ಅವರ ಜೊತೆ ನೀವೂ ನಕ್ಕಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ನಮ್ಮನೆಯವಳು ಹಂಗೇ, ದಪ್ಪ ಇದಾಳೆ, ಕಪ್ಪಿದಾಳೆ, ಜೀಪು ಓಡಿಸ್ತಾಳೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನೀವು ನಾಚಿಕೊಂಡಿರಿ. ನನ್ನ ಮುಖದಲ್ಲಿ ನಾಚುವಂಥದ್ದು ಏನಿದೆ? ಮದುವೆಯಾಗುವಾಗ ಇದೇ ಮುಖ. ನೀವು ವಿಮಾನ ಹತ್ತಿದಾಗ ಇದೇ ಮುಖ. ಪರದೇಶದಲ್ಲಿ ಒಬ್ಬರೇ ಇರುವ ನಿಮಗೆ ಯಾರಾದರೂ ನಕ್ಕರೆ ಹೆಚ್ಚು ಚುಚ್ಚುತ್ತದೆ, ಅದು ನನಗೆ ಅರ್ಥವಾಗುತ್ತದೆ. ಹಾಗೆಂದು ನಾನು ಮುಖ ಮರೆಸಿಕೊಳ್ಳುವುದಿಲ್ಲ. ತೆಗೆಸುವುದಿಲ್ಲ. ಇದನ್ನು ಸಿಟ್ಟಿನಿಂದ ಬರೆದಿಲ್ಲ, ಎಲ್ಲ ಯೋಚಿಸಿಯೇ ಬರೆದಿದ್ದೇನೆ. ಗೇಮು ಯುಗಾದಿಗೆ ಹೊರಗೆ ಬರುತ್ತದೆ. ನಿಮ್ಮ ರೂಮಿನವರಿಗೆ ನೀವೇ ತೋರಿಸಿ. ಆ ಹಾಸನದ ಹುಡುಗ ಮತ್ತೆ ಆಡಿದರೆ ಆಡಲಿ, ನಮ್ಮ ಜೀಪಿನಲ್ಲಿ ಅವನಿಗೂ ಜಾಗವಿದೆ, ಹಿಂದೆ ನೇತಾಡಿಕೊಂಡು ಬರಬೇಕಷ್ಟೆ.

ಕಾಗದದ ಜೊತೆ ಕಾಫಿಪುಡಿ, ಕಳಲೆ ಉಪ್ಪಿನಕಾಯಿ ಕಳಿಸಿದ್ದೇನೆ. ಉಪ್ಪಿನಕಾಯಿಗೆ ಅತ್ತೆ ಕೈಯಾರೆ ಖಾರ ಹಾಕಿದ್ದಾರೆ, ಹೊಟ್ಟೆ ನೋಡಿಕೊಂಡು ತಿನ್ನಿ. ದಿಂಬಿನ ಕವರು ಒಂದು ಹೊಲಿದಿಟ್ಟಿದ್ದೇನೆ, ಟ್ಯಾಂಕರಿನ ಸೀಟಿಗೇ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ರೂಪಾ ಮುತ್ತು ಕೊಟ್ಟಿದ್ದಾಳೆ, ನೇರಳೆ ಶಾಯಿಯಲ್ಲಿ ಗುಂಡಗೆ ಗುರುತು ಮಾಡಿರುವುದು ಅದೇ. ಬಿಸಿಲಿನಲ್ಲಿ ಬರಿಗಾಲಲ್ಲಿ ಗಾಡಿ ತೊಳೆಯಬೇಡಿ. ಮೈ ಕಡೆ ನೋಡಿಕೊಳ್ಳಿ.

ಇತಿ ನಿಮ್ಮ,
ಯಶೋದಾ

ಮರೆತೇ ಹೋಗುತ್ತಿತ್ತು. ಕೃಷ್ಣಮ್ಮನ ಅಳಿಯ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ನಿಮ್ಮ ತಮ್ಮ ಯೋಗೇಶ್ ಮೂಡಿಗೆರೆಯಿಂದ ಒಬ್ಬರನ್ನು ಕರೆದುಕೊಂಡು ಬಂದಿದ್ದ. ಅವರು ಜೀಪಿನ ಸುತ್ತ ತಿರುಗಿ ಟೈರು ಒದ್ದು ನೋಡಿದರು. ಅಣ್ಣ ಮಾರಕ್ಕೆ ಹೇಳಿದಾನೆ ಅತ್ತಿಗೆ, ಕೀ ಕೊಡಿ ಎಂದ. ಅದು ನಿಮ್ಮ ಮಾತೋ ಅವನ ಮಾತೋ ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಬಂದವರಿಗೆ ಕಾಫಿ ಕೊಟ್ಟು, ಇದು ಮಾರಾಟಕ್ಕಿಲ್ಲ ಎಂದು ಕಳಿಸಿದೆ. ಆರ್‌ಸಿ ನಿಮ್ಮ ಹೆಸರಿನಲ್ಲಿದೆ, ಗೊತ್ತು. ಕೀ ನನ್ನ ಹತ್ತಿರ ಇದೆ. ಮಾರಲೇಬೇಕು ಅನ್ನಿಸಿದರೆ ಯಾರನ್ನೂ ಕಳಿಸಬೇಡಿ, ನೀವೇ ಬನ್ನಿ. ಬರುವ ದಿನ ತಿಳಿಸಿ, ಕೊಟ್ಟಿಗೆಹಾರದ ಬಸ್‌ಸ್ಟ್ಯಾಂಡಿಗೆ ನಾನೇ ಜೀಪು ತರುತ್ತೇನೆ. ಮುಂದಿನ ಸೀಟಿನಲ್ಲಿ ಮರಿಯಮ್ಮ ಕೂತಿದ್ದರೆ ಮಾತ್ರ ನೀವು ಹಿಂದೆ ಹತ್ತಬೇಕಾಗುತ್ತದೆ.